ಜಗನ್ಮೋಹನದ ಗೋಡೆಗಳು

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಚಿತ್ರಗಳನ್ನು ನೋಡಿಕೊಂಡು ಬರುತ್ತಾರೆ, ಮನೆಯನ್ನು ನೋಡುವವರು ಕಡಿಮೆ. ನನಗೆ ಈ ಊರಿನ ಅರಮನೆಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ. ಯಾವ ಕಾಲದಲ್ಲೂ ಕೆಲಸವಿಲ್ಲದೆ ಸುಮ್ಮನೆ ನಿಂತ ಕಟ್ಟಡವಲ್ಲ ಇದು.

ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದ್ದು 1861ರಲ್ಲಿ. ಅಷ್ಟರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡು 30 ವರ್ಷವಾಗಿತ್ತು. ದೊರೆಯ ಒಲವೆಲ್ಲ ಸಾಹಿತ್ಯ, ಸಂಗೀತ, ಚದುರಂಗದತ್ತ ಹರಿದಿತ್ತು. ಆ ಒಲವು ಇಲ್ಲಿನ ರಂಗಮಹಲಿನ ಗೋಡೆಯ ಮೇಲೇ ಉಳಿದಿದೆ. ದಸರಾ ಮೆರವಣಿಗೆ ಒಂದೆಡೆ. ತಾವರೆಯ ದಳದಳದಲ್ಲಿ ಒಡೆಯರ ವಂಶಾವಳಿಯನ್ನು ಬಿಡಿಸಿದ ಸಂತಾನಾಂಬುಜ ಇನ್ನೊಂದೆಡೆ. ಜೊತೆಗೆ ಮುಮ್ಮಡಿಯವರ ಮೆಚ್ಚಿನ ಆಟಗಳ ಮನೆಗಳು. ಅಧಿಕಾರ ಕಳೆದುಕೊಂಡ ಅರಸ ತನ್ನ ವಂಶವನ್ನು ಗೋಡೆಯ ಮೇಲೆ ಬರೆಸಿದ್ದನ್ನು ನೋಡುವಾಗ ನನ್ನ ಮನಸ್ಸು ಭಾರವಾಗುತ್ತದೆ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ಮುಗಿದದ್ದು 1912ಕ್ಕೆ. ಅಲ್ಲಿಯವರೆಗೆ ರಾಜಮನೆತನಕ್ಕೆ ಜಗನ್ಮೋಹನವೇ ಆಸರೆ. 1902ರಲ್ಲಿ ವೈಸ್‌ರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. ಮೈಸೂರು ಸಂಸ್ಥಾನದ ಶಾಸನ ಪರಿಷತ್ತು 1907ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಮೊದಲು ಸೇರಿದ್ದೂ ಇದೇ ಮನೆಯಲ್ಲಿ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳಿಗೂ ಇದೇ ಚಾವಣಿಯ ನೆರಳು. ದರ್ಬಾರು, ಶಾಸನಸಭೆ, ಪದವಿ ಪ್ರದಾನ ಮೂರನ್ನೂ ಕಂಡ ಅರಮನೆ ನಮ್ಮ ನಾಡಿನಲ್ಲಿ ಇನ್ನೆಷ್ಟಿದ್ದೀತು!

1915ರಲ್ಲಿ ಚಿತ್ರಶಾಲೆ ಬಂತು. 1955ರಲ್ಲಿ ಅದಕ್ಕೆ ಜಯಚಾಮರಾಜೇಂದ್ರರ ಹೆಸರಿಟ್ಟರು. ಜನ ಮುಗಿಬೀಳುವುದು ದೀಪ ಹಿಡಿದ ಹೆಣ್ಣಿನ ಮುಂದೆ. ಅದನ್ನು ರವಿವರ್ಮನ ಕೃತಿ ಎಂದುಕೊಳ್ಳುವವರು ಈಗಲೂ ಇದ್ದಾರೆ, ಬರೆದವರು ಎಸ್.ಎಲ್. ಹಲ್ದಣ್‌ಕರ್, ಎದುರು ನಿಂತವಳು ಅವರ ಮಗಳು. ಬೆರಳ ಸಂದಿಯಿಂದ ತೂರಿ ಮುಖದ ಮೇಲೆ ಬೀಳುವ ಆ ಬೆಳಕು ಬರೀ ಜಲವರ್ಣದಲ್ಲಿ ಮೂಡಿದ್ದು ಎಂದರೆ ಹತ್ತಿರ ಹೋಗಿ ನೋಡಿದರೂ ನಂಬಿಕೆ ಬರುವುದಿಲ್ಲ.

ಆದರೂ ನನ್ನ ಮಾತು ಗೋಡೆಗಳ ಪರ. ಚೌಕಟ್ಟಿನ ಚಿತ್ರವನ್ನು ಇನ್ನೊಂದು ಕಟ್ಟಡಕ್ಕೆ ಸಾಗಿಸಬಹುದು, ರಂಗಮಹಲಿನ ಗೋಡೆಯನ್ನು ಸಾಗಿಸಲಾಗದು. ತೇವಕ್ಕೆ, ಬಿರುಕಿಗೆ ಮೊದಲು ಬಲಿಯಾಗುವುದೂ ಅದೇ. ಈ ಮನೆಯ ಸಂರಕ್ಷಣೆಗೆಂದು ಹಣ ಬಂದಾಗಲೆಲ್ಲ ಮೊದಲ ಪಾಲು ಆ ಗೋಡೆಗಳಿಗೆ ಸಲ್ಲಬೇಕು.