ಚೀಟಿಯೂ ಒಂದು ಬರಹವೇ

ವಿಮರ್ಶೆ ಎಂದೊಡನೆ ನಮಗೆ ನೆನಪಾಗುವುದು ಕಥೆ, ಕಾದಂಬರಿ, ಕವಿತೆ. ಔಷಧಿ ಬಾಟಲಿಯ ಮೇಲಿನ ಚೀಟಿಯನ್ನೋ ಕರೆಂಟು ಬಿಲ್ಲನ್ನೋ ಯಾರೂ ವಿಮರ್ಶಿಸುವುದಿಲ್ಲ. ಆದರೆ ಮನೆ ನಡೆಸುವ ನಮ್ಮಂಥವರ ದುಡ್ಡು ಪೋಲಾಗುವುದು ಇಂಥ ಬರಹಗಳು ಅರ್ಥವಾಗದೆ ಹೋದಾಗಲೇ ಅಲ್ಲವೇ? ಹಾಗಾಗಿ ಕಂಪ್ಯೂಟರಿನ ರ‍್ಯಾಮ್ ಪಟ್ಟಿಯ ಮೇಲೆ ಅಂಟಿಸಿರುವ ಪುಟ್ಟ ಚೀಟಿಯನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ರ‍್ಯಾಮ್ ಎಂದರೆ ಕಂಪ್ಯೂಟರು ತನ್ನ ಕೆಲಸವನ್ನು ಹರಡಿಕೊಂಡು ಕೂರುವ ಜಗಲಿ. ಜಗಲಿ ಚಿಕ್ಕದಾದಷ್ಟೂ ಕೆಲಸ ನಿಧಾನ. ಹಳೆಯ ಲ್ಯಾಪ್‌ಟಾಪನ್ನು ಇನ್ನೆರಡು ವರ್ಷ ಓಡಿಸೋಣ ಎನ್ನುವವರು ಈ ಜಗಲಿಯನ್ನು ದೊಡ್ಡದು ಮಾಡಿಸುತ್ತಾರೆ. ಆಗಲೇ ಈ ಚೀಟಿ ನಮ್ಮ ಕೈಗೆ ಬರುವುದು.

ಅದರಲ್ಲಿ ಎರಡು ಬಗೆಯ ಬರಹವಿರುತ್ತದೆ. ಒಂದು, ಜೆಡೆಕ್ ಎಂಬ ಸಂಸ್ಥೆ ಎಲ್ಲ ಕಂಪನಿಗಳಿಗೂ ಸಮನಾಗಿ ಗೊತ್ತುಮಾಡಿದ ಸಾಲು. ಉದಾಹರಣೆಗೆ, ‘4ಜಿಬಿ 2ಆರ್×8 ಪಿಸಿ3-12800ಎಸ್’. ನಾಲ್ಕು ಜಿಬಿ ಅಳತೆ, ಚಿಪ್ಪುಗಳದ್ದು ಎರಡು ತಂಡ, ಒಂದೊಂದು ಚಿಪ್ಪೂ ಎಂಟೆಂಟು ಬಿಟ್‌ನದು, ಜಾತಿ ಡಿಡಿಆರ್3, ಸೆಕೆಂಡಿಗೆ ಗರಿಷ್ಠ 12,800 ಮೆಗಾಬೈಟು, ಕೊನೆಯ ‘ಎಸ್’ ಎಂದರೆ ಲ್ಯಾಪ್‌ಟಾಪಿನದು. ಒಮ್ಮೆ ಹೇಳಿಕೊಟ್ಟರೆ ಏಳನೇ ತರಗತಿಯ ಹುಡುಗಿಯೂ ಓದಬಲ್ಲಳು.

ಎರಡನೆಯದು ಕಂಪನಿಯ ಪಾರ್ಟ್ ನಂಬರು. ಇಂಥದೇ ಪಟ್ಟಿಗೆ ಸ್ಯಾಮ್‌ಸಂಗ್ ಕೊಟ್ಟ ಹೆಸರು ‘ಎಂ471ಬಿ5273ಡಿಎಚ್0-ಸಿಕೆ0’. ಇದರಲ್ಲಿ 471 ಲ್ಯಾಪ್‌ಟಾಪನ್ನೂ ‘ಬಿ’ ಡಿಡಿಆರ್3ನ್ನೂ ಸೂಚಿಸುತ್ತವೆ. ನಾಲ್ಕು ಜಿಬಿ ಎಲ್ಲಿದೆ? ‘52’ ಎಂಬುದರೊಳಗೆ ಅಡಗಿದೆ. ಅದು 512 ಎಂಬುದರ ಗುರುತು. ಎಂಟರಿಂದ ಗುಣಿಸಿದರೆ 4096, ಅಂದರೆ ನಾಲ್ಕು ಜಿಬಿ. ಕೊಳ್ಳುವವಳು ಮೊದಲು ಕೇಳುವುದನ್ನೇ ಮುಚ್ಚಿಟ್ಟ ಬರಹ ಇದು. ಸೂತ್ರ ಚಿಕ್ಕದಿರಲಿ, ಬೇಡವೆನ್ನುವುದಿಲ್ಲ. ಆದರೆ ಸೂತ್ರದ ಜೊತೆ ಭಾಷ್ಯವೂ ಬೇಕು. ಭಾಷ್ಯ ಕಂಪನಿಯ ಕಾಗದಪತ್ರಗಳಲ್ಲಿದೆ, ಅಂಗಡಿಯ ಗಾಜಿನ ಮೇಜಿನ ಮೇಲಿಲ್ಲ.

ಜೆಡೆಕ್ಕಿನ ಸಾಲಿಗೂ ಪೂರ್ತಿ ಅಂಕ ಕೊಡಲಾರೆ. ಡಿಡಿಆರ್3ರವರೆಗೆ ಸೆಕೆಂಡಿಗೆ ಎಷ್ಟು ಮೆಗಾಬೈಟು ಎಂದು ಬರೆಯುತ್ತಿದ್ದವರು 2012ರ ಡಿಡಿಆರ್4ಕ್ಕೆ ಬರುವಾಗ ಅಳತೆಗೋಲನ್ನೇ ಬದಲಿಸಿದರು. ‘ಪಿಸಿ4-2400’ ಎಂದಿದ್ದರೆ ಅದು ವರ್ಗಾವಣೆಯ ವೇಗ. ಎಂಟರಿಂದ ಗುಣಿಸಿದರೆ 19,200 ಆಗುತ್ತದೆ. ಹಾಗಾಗಿ 12800 ಎಂದಿರುವುದಕ್ಕಿಂತ 2400 ಎಂದಿರುವುದೇ ವೇಗದ್ದು! ಮೊಳದಲ್ಲಿ ಅಳೆಯುತ್ತಿದ್ದ ಬಟ್ಟೆಯಂಗಡಿಯವನು ಹೇಳದೆ ಕೇಳದೆ ಗಜಕ್ಕೆ ಬದಲಾಯಿಸಿದ ಹಾಗೆ.

ಕಿಂಗ್‌ಸ್ಟನ್ನಿನ ಬರಹ ಇನ್ನಷ್ಟು ತಿಳಿಯಾದದ್ದು. ‘ಕೆವಿಆರ್16ಎಲ್‌ಎಸ್11/8’ ಎಂಬಲ್ಲಿ 16 ಎಂದರೆ 1600ರ ವೇಗ, ‘ಎಲ್’ ಎಂದರೆ ಕಡಿಮೆ ವೋಲ್ಟೇಜು, ‘ಎಸ್’ ಲ್ಯಾಪ್‌ಟಾಪು, ಕೊನೆಯ 8 ಎಂಟು ಜಿಬಿ. ಆದರೆ ‘ಕೆವಿಆರ್24ಎಸ್17ಎಸ್8/8’ ಎಂಬುದರಲ್ಲಿ ‘ಎಸ್’ ಎರಡು ಸಲ ಬರುತ್ತದೆ. ಮೊದಲನೆಯದು ಲ್ಯಾಪ್‌ಟಾಪು, ಎರಡನೆಯದು ಒಂದೇ ತಂಡದ ಚಿಪ್ಪು. ಅಕ್ಷರ ಅದೇ, ಕೂತ ಜಾಗದಿಂದ ಅರ್ಥ ಬೇರೆ.

ಆ ‘ಎಲ್’ ಅಕ್ಷರವನ್ನು ಮಾತ್ರ ಯಾರೂ ಹಗುರವಾಗಿ ನೋಡಬಾರದು. ಡಿಡಿಆರ್3 ಪಟ್ಟಿಯನ್ನು ಡಿಡಿಆರ್4ರ ಜಾಗಕ್ಕೆ ತುರುಕಲು ಹೋದರೆ ನಡುವಿನ ಕಚ್ಚು ಬೇರೆಡೆ ಇರುವುದರಿಂದ ಅದೇ ತಡೆಯುತ್ತದೆ. 1.5 ವೋಲ್ಟಿನದಕ್ಕೂ 1.35 ವೋಲ್ಟಿನದಕ್ಕೂ ಅಂಥ ತಡೆಯಿಲ್ಲ. ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ. 2013ರಲ್ಲಿ ಬಂದ ಇಂಟೆಲ್ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಕೇಳುವುದು 1.35 ವೋಲ್ಟಿನದನ್ನು. ಜೆಡೆಕ್ಕಿನ ಸಾಲಿನಲ್ಲಿ ಈ ವ್ಯತ್ಯಾಸ ‘ಪಿಸಿ3’, ‘ಪಿಸಿ3ಎಲ್’ ಎಂಬಷ್ಟೇ. ಸ್ಯಾಮ್‌ಸಂಗ್ ನಂಬರಿನಲ್ಲಿ ಗೆರೆಯ ಆಚೆಗಿನ ‘ಸಿ’ ಇದ್ದಲ್ಲಿ ‘ವೈ’ ಇರುತ್ತದೆ.

ಮಗಳ ಹಳೆಯ ಲ್ಯಾಪ್‌ಟಾಪಿಗೆಂದು ಕೇಳಿದಾಗ ನಮ್ಮೂರಿನ ಅಂಗಡಿಯ ಹುಡುಗ ‘ಎಲ್’ ಇಲ್ಲದ ಪಟ್ಟಿಯನ್ನು ಮುಂದಿಟ್ಟು, “ಎಲ್ಲಾ ಒಂದೇ ಮೇಡಂ, ಕೂರುತ್ತೆ” ಎಂದ. “ಕೂರುತ್ತೆ ಕಣಪ್ಪ, ಏಳುತ್ತಾ?” ಎಂದೆ. ಅವನೂ ನಕ್ಕ, ಒಳಗಿನಿಂದ ಬೇರೆಯದನ್ನು ತಂದ. ನಲ, ನಳ ಎರಡೂ ಒಂದೇ ಎಂದು ಬರೆದ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆಯುವ ಕೈಗೆ ಇಂಥ ಅಕ್ಷರ ಕಾಣದೆ ಇರುತ್ತದೆಯೇ?

ಹೊಸ ಪಟ್ಟಿ ತರಲು ಹೋಗುವ ಮುನ್ನ ಹಳೆಯದರ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಎರಡೂ ಸಾಲು ಸ್ಪಷ್ಟವಾಗಿರಲಿ. ಜಾತಿ, ಅಳತೆ, ವೋಲ್ಟೇಜು, ಲ್ಯಾಪ್‌ಟಾಪಿನದೋ ಮೇಜಿನದೋ ಎಂಬ ನಾಲ್ಕನ್ನು ನೀವೇ ಓದಿ ಹೇಳಿ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು: ಈ ಚೀಟಿ ಸುಳ್ಳು ಹೇಳುವುದಿಲ್ಲ, ಆದರೆ ನಮ್ಮೊಡನೆ ಮಾತಾಡುವುದೂ ಇಲ್ಲ. ಕಾರ್ಖಾನೆಯವರು ಕಾರ್ಖಾನೆಯವರಿಗೆ ಬರೆದುಕೊಂಡ ಪತ್ರ ಅದು. ಹಣ ಕೊಡುವವಳು ನಾನಾದ ಮೇಲೆ, ‘1.35 ವೋಲ್ಟ್ ಮಾತ್ರ’ ಎಂಬ ಎರಡು ಮಾತನ್ನು ನನಗಾಗಿಯೂ ಬರೆಯಬಹುದಿತ್ತು. ಅಷ್ಟು ಜಾಗ ಆ ಚೀಟಿಯಲ್ಲಿ ಖಂಡಿತ ಇದೆ.