ಕುಂಚಪಾದ ಚಿಟ್ಟೆಗಳು: ಸಂಗ್ರಹದ ಪೆಟ್ಟಿಗೆಯೂ ಚಿತ್ರದ ಪುಟವೂ

ಚಿಟ್ಟೆಗೆ ಆರು ಕಾಲುಗಳೆಂಬುದು ಶಾಲೆಯ ಪಾಠ. ನಿಂಫಾಲಿಡೆ ಕುಟುಂಬದ ಚಿಟ್ಟೆಯೊಂದು ಹೂವಿನ ಮೇಲೆ ಕುಳಿತಿರುವಾಗ ಸಮೀಪದಿಂದ ನೋಡಿದವರಿಗೆ ಈ ಲೆಕ್ಕ ತಪ್ಪಿದಂತೆ ತೋರುತ್ತದೆ. ಅದು ನಿಲ್ಲುವುದು ನಾಲ್ಕೇ ಕಾಲುಗಳ ಮೇಲೆ. ಮುಂದಿನ ಎರಡು ಕಾಲುಗಳು ಗಿಡ್ಡಾಗಿ, ಎದೆಗೆ ಮಡಿಚಿಕೊಂಡು, ಅನೇಕ ಜಾತಿಗಳಲ್ಲಿ ರೋಮ ತುಂಬಿದ ಸಣ್ಣ ಕುಂಚಗಳಂತಾಗಿರುತ್ತವೆ. ಸುಮಾರು 6,000 ಜಾತಿಗಳುಳ್ಳ ಈ ಕುಟುಂಬಕ್ಕೆ ಕುಂಚಪಾದವೆಂಬ ಹೆಸರು ಸಲ್ಲುವುದು ಈ ಲಕ್ಷಣದಿಂದ. ಆದರೆ ಹಳೆಯ ಪ್ರಾಣಿಶಾಸ್ತ್ರ ಗ್ರಂಥಗಳ ವರ್ಣಪಟಗಳಲ್ಲಿ, ರೆಕ್ಕೆ ಹರಡಿದ ಚಿಟ್ಟೆಯನ್ನು ಮೇಲಿನಿಂದ ನೋಡಿ ಬರೆದಿರುವಲ್ಲಿ, ಈ ಕುಂಚ ಕಾಣುವಂತೆಯೇ ಇಲ್ಲ. ಹೆಸರಿಗೆ ಕಾರಣವಾದ ಅಂಗವೇ ಚಿತ್ರದಿಂದ ಮರೆಯಾಗಿರುವುದು ಆಕಸ್ಮಿಕವಲ್ಲ. ಚಿತ್ರಕಾರನ ಎದುರಿಗೆ ಇದ್ದದ್ದು ಚಿಟ್ಟೆಯಲ್ಲ, ಪೆಟ್ಟಿಗೆ.

ಸಂಗ್ರಹಕಾರರ ರೂಢಿ ಎಲ್ಲರೂ ಬಲ್ಲದ್ದೇ. ಎದೆಯ ನಡುವೆ ಸೂಜಿ ಚುಚ್ಚಿ, ಮುಂದಿನ ರೆಕ್ಕೆಯ ಹಿಂಬದಿಯ ಅಂಚು ದೇಹಕ್ಕೆ ನೇರ ಕೋನದಲ್ಲಿರುವಂತೆ ಎಳೆದು, ಒಣಗುವವರೆಗೆ ಹಲಗೆಯ ಮೇಲೆ ಬಿಗಿಯುತ್ತಾರೆ. ಬದುಕಿರುವ ಚಿಟ್ಟೆ ಹಾಗೆ ಕೂರುವುದಿಲ್ಲ. ಒಂದನ್ನು ಇನ್ನೊಂದರೊಡನೆ ಹೋಲಿಸಲು ಈ ಭಂಗಿ ಅನುಕೂಲವೆಂಬುದು ನಿಜ. ಶಾಸ್ತ್ರಕ್ಕೆ ಅದು ಬೇಕು. ತೊಂದರೆ ಹುಟ್ಟಿದ್ದು ಹೋಲಿಕೆಯ ಅನುಕೂಲಕ್ಕಾಗಿ ಮಾಡಿದ ಭಂಗಿಯನ್ನೇ ಚಿಟ್ಟೆಯ ಸ್ವರೂಪವೆಂದು ಚಿತ್ರಕಲೆ ಒಪ್ಪಿಕೊಂಡಾಗ.

ಇದರಿಂದ ಶಾಸ್ತ್ರಕ್ಕೇ ಆದ ನಷ್ಟಕ್ಕೆ ಒಂದು ನಿದರ್ಶನ ಸಾಕು. ಕಿತ್ತಳೆ ಬಣ್ಣದ ರೆಕ್ಕೆಯ ಮೇಲೆ ನವಿಲುಗರಿಯ ಕಣ್ಣುಗಳಂತಹ ಚುಕ್ಕೆಗಳುಳ್ಳ ಚಿಟ್ಟೆಯೊಂದು ಭಾರತದ ಬಯಲುಗಳಲ್ಲೆಲ್ಲ ಸಾಮಾನ್ಯ. ಕನ್ನಡ ನಾಡಿನ ಗದ್ದೆಯಂಚುಗಳಲ್ಲಿಯೂ ಅದು ಹಾರಾಡುತ್ತದೆ. ಲಿನೇಯಸನು 1758ರ ‘ಸಿಸ್ಟೆಮಾ ನಾಟುರೇ’ ಹತ್ತನೆಯ ಆವೃತ್ತಿಯಲ್ಲಿ ಇದಕ್ಕೆ ಆಲ್ಮಾನ ಎಂದೂ ಆಸ್ಟೆರಿಯೆ ಎಂದೂ ಎರಡು ಹೆಸರುಗಳನ್ನಿಟ್ಟು ಎರಡು ಬೇರೆ ಜಾತಿಗಳೆಂದು ಎಣಿಸಿದನು. ಒಂದರ ರೆಕ್ಕೆಯಂಚು ಮೊನಚು, ಅಡಿಭಾಗ ಒಣಗಿದ ಎಲೆಯಂತೆ. ಇನ್ನೊಂದರ ಅಂಚು ದುಂಡು, ಅಡಿಯಲ್ಲಿಯೂ ಕಣ್ಣುಚುಕ್ಕೆಗಳು. ಮೊದಲನೆಯದು ಬೇಸಗೆಯಲ್ಲಿ ಹುಟ್ಟಿದ್ದು, ಎರಡನೆಯದು ಮಳೆಗಾಲದಲ್ಲಿ ಹುಟ್ಟಿದ್ದು, ಎರಡೂ ಒಂದೇ ಸಂತಾನ! ಲಿನೇಯಸನ ದೃಷ್ಟಿ ಮಂದವಾಗಿತ್ತೆಂದು ಯಾರೂ ಹೇಳಲಾರರು. ಪೆಟ್ಟಿಗೆಯಲ್ಲಿ ಋತುಗಳಿರಲಿಲ್ಲ, ಅಷ್ಟೆ. ಋತುಭೇದದ ಈ ತೊಡಕು ಬಿಡಿಸಿಕೊಂಡದ್ದು ಹೆಚ್ಚು ಮಾದರಿಗಳನ್ನು ಕೂಡಿಹಾಕಿದ್ದರಿಂದಲ್ಲ, ಚಿಟ್ಟೆಗಳನ್ನು ಸಾಕಿ ನೋಡಿದ್ದರಿಂದ. 1886ರಲ್ಲಿ ಕಲ್ಕತ್ತೆಯ ಲಯನಲ್ ಡಿ ನಿಸೆವಿಲ್ ಇದೇ ಕುಟುಂಬದ ಕಂದುಬಣ್ಣದ ಕೆಲವು ಚಿಟ್ಟೆಗಳನ್ನು ಮೊಟ್ಟೆಯಿಂದ ಬೆಳೆಸಿ, ಬೇರೆ ಬೇರೆಯೆಂದು ಹೆಸರಾಗಿದ್ದ ರೂಪಗಳು ಒಂದೇ ತಾಯಿಯ ಮಕ್ಕಳೆಂಬುದನ್ನು ಪ್ರಕಟಿಸಿದನು.

ಲಿನೇಯಸನಿಗಿಂತ ಅರ್ಧ ಶತಮಾನ ಹಿಂದೆಯೇ ಸಾಕಿ ನೋಡುವ ಮಾರ್ಗವನ್ನು ಹಿಡಿದವಳು ಮಾರಿಯಾ ಸಿಬಿಲ್ಲಾ ಮೇರಿಯನ್. 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಮಗಳೊಡನೆ ಆಮ್‌ಸ್ಟರ್‌ಡ್ಯಾಮಿನಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೊರಟ ಈಕೆ ಎರಡು ವರ್ಷಗಳ ಅನಂತರ ಕಾಯಿಲೆಯಿಂದ ಹಿಂದಿರುಗಿ, 1705ರಲ್ಲಿ 60 ಪಟಗಳ ಗ್ರಂಥವನ್ನು ಪ್ರಕಟಿಸಿದಳು. ಗಿಡ, ಅದರ ಎಲೆಯನ್ನು ತಿನ್ನುವ ಹುಳು, ಕೋಶ, ಕೊನೆಗೆ ಚಿಟ್ಟೆ—ಇಷ್ಟನ್ನೂ ಒಂದೇ ಪುಟದಲ್ಲಿ ತರುವುದು ಆಕೆಯ ಕ್ರಮ. ಮಾರ್ಫೋ ಎಂಬ ನೀಲಿ ಚಿಟ್ಟೆ, ಇದೂ ಕುಂಚಪಾದವೇ, ಆಕೆಯ ಪುಟದಲ್ಲಿ ರೆಕ್ಕೆ ಬಿಚ್ಚಿಯೂ ಇದೆ, ಮಡಿಚಿಯೂ ಇದೆ. ಅದರ ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಾಲಾಗಿ ಹೊದಿಸಿದ ನೀಲಿ ಹೆಂಚುಗಳಂತೆ ಕಂಡಿತೆಂದು ಆಕೆ ಬರೆದಿದ್ದಾಳೆ. ಕಾಡಿನಲ್ಲಿ ದಾರಿ ಸವರಿದವರು, ಹುಳುಗಳನ್ನು ತಂದುಕೊಟ್ಟವರು ಗುಲಾಮರೂ ಅಲ್ಲಿಯ ಮೂಲನಿವಾಸಿಗಳೂ ಎಂಬುದನ್ನು ಆಕೆ ಮರೆಮಾಚಲಿಲ್ಲ. ಆದರೆ ಅವರ ಹೆಸರುಗಳನ್ನೂ ಹೇಳಲಿಲ್ಲ.

ಮೇರಿಯನ್ನಳ ಪಟಗಳಲ್ಲಿ ದೋಷಗಳಿಲ್ಲದಿಲ್ಲ. ಕೆಲವೆಡೆ ಹುಳು ಒಂದು ಜಾತಿಯದು, ಚಿಟ್ಟೆ ಇನ್ನೊಂದರದು. 1834ರಲ್ಲಿ ಲ್ಯಾನ್ಸ್‌ಡೌನ್ ಗಿಲ್ಡಿಂಗ್ ಎಂಬ ಪಾದ್ರಿ ಇವನ್ನೆಲ್ಲ ಹೆಕ್ಕಿ ಬರೆದ ಕಠೋರವಾದ ಖಂಡನೆಯೊಂದು ಪ್ರಕಟವಾಯಿತು. ಆತ ಸುರಿನಾಮನ್ನು ಕಂಡವನಲ್ಲ; ಎದುರಿಗಿಟ್ಟುಕೊಂಡದ್ದು ಆಕೆಯ ಮರಣಾನಂತರ ಅನ್ಯರ ಪಟಗಳನ್ನು ಸೇರಿಸಿ ಅಚ್ಚುಹಾಕಿದ ಆವೃತ್ತಿ. ಇಂತಹ ವಿಮರ್ಶೆಗೆ ಬೆಲೆ ಕಡಮೆ. ಆದರೂ ಒಂದು ವಿಷಯದಲ್ಲಿ ಒಣಗಿದ ಮಾದರಿಯ ಮುಂದೆ ಚಿತ್ರ ಸೋಲುತ್ತದೆಂಬುದನ್ನು ಒಪ್ಪಲೇಬೇಕು. ಮಾರ್ಫೋವಿನ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ರೆಕ್ಕೆಯ ಹುರುಪೆಗಳ ರಚನೆಯಲ್ಲಿ ಬೆಳಕು ಚದುರುವುದರಿಂದ ಬಂದದ್ದು. ಪೆಟ್ಟಿಗೆಯೊಳಗಿನ ಚಿಟ್ಟೆ ಶತಮಾನ ಕಳೆದರೂ ಹೊಳೆಯಬಲ್ಲದು. ಕಾಗದದ ಮೇಲಿನ ನೀಲಿ ಎಂದೂ ಹಾಗೆ ಹೊಳೆಯದು.

ಇದಕ್ಕೆ ವಿರುದ್ಧವಾಗಿ, ಮಾದರಿ ಅಳಿದು ಚಿತ್ರವೇ ಸಾಕ್ಷಿಯಾಗಿ ನಿಂತ ಪ್ರಸಂಗವೂ ಉಂಟು. ಲಂಡನ್ನಿನ ಚೆಲ್ಸಿಯಲ್ಲಿದ್ದ ವಿಲಿಯಂ ಜೋನ್ಸ್ ಎಂಬ ವೈನ್ ವ್ಯಾಪಾರಿ ಡ್ರೂ ಡ್ರೂರಿ, ಜೋಸೆಫ್ ಬ್ಯಾಂಕ್ಸ್ ಮೊದಲಾದವರ ಸಂಗ್ರಹಗಳಲ್ಲಿದ್ದ ಚಿಟ್ಟೆಗಳನ್ನು ನೋಡಿ 1,500ಕ್ಕೂ ಹೆಚ್ಚು ಜಲವರ್ಣ ಚಿತ್ರಗಳನ್ನು ರಚಿಸಿದನು. ಮೇಲ್ಭಾಗವನ್ನೂ ಅಡಿಭಾಗವನ್ನೂ ಬೇರೆಬೇರೆಯಾಗಿ ತೋರಿಸಿದನು. ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಈ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡು 1793ರಲ್ಲಿ 200ಕ್ಕೂ ಹೆಚ್ಚು ಹೊಸ ಜಾತಿಗಳಿಗೆ ಹೆಸರಿಟ್ಟನು. ಡ್ರೂರಿಯ ಸಂಗ್ರಹ 1805ರಲ್ಲಿ ಹರಾಜಾಗಿ ಚದುರಿಹೋಯಿತು. ಮೂಲ ದಸ್ತಾವೇಜು ಕಳೆದುಹೋಗಿ ನಕಲೇ ಪ್ರಮಾಣವಾಗಿ ಉಳಿದಂತೆ ಆಯಿತು. ಹೆಸರಿನ ಅರ್ಥದ ಬಗ್ಗೆ ವಿವಾದ ಬಂದರೆ ಇಂದಿಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿರುವ ಆ ಹಾಳೆಗಳನ್ನು ನೋಡಬೇಕಾಗುತ್ತದೆ. ಆ ಹಾಳೆಗಳು ಸಮಗ್ರವಾಗಿ ಅಚ್ಚಾದದ್ದು 2021ರಲ್ಲಿ. ಜೋನ್ಸನು ಕೇವಲ ನಕಲುಗಾರನಲ್ಲವೆಂಬುದಕ್ಕೆ, ರೆಕ್ಕೆಯ ನರಗಳ ವಿನ್ಯಾಸವನ್ನು ಹಿಡಿದು ಚಿಟ್ಟೆಗಳನ್ನು ವಿಂಗಡಿಸಬೇಕೆಂದು ಆತ 1794ರಲ್ಲಿ ಬರೆದ ಲೇಖನವೇ ಸಾಕ್ಷಿ. ಆದರೂ ಆತನ ಚಿಟ್ಟೆಗಳಿಗೆ ಗಿಡವಿಲ್ಲ, ನೆಲವಿಲ್ಲ. ಬಿಳಿಯ ಕಾಗದವೇ ಅವುಗಳ ದೇಶ.

ಬಿಳಿಯ ಕಾಗದದ ಮೇಲೆ ಅರ್ಥವನ್ನೇ ಕಳೆದುಕೊಳ್ಳುವ ಚಿಟ್ಟೆಯೆಂದರೆ ಕ್ಯಾಲಿಮ, ತರಗೆಲೆಯ ಚಿಟ್ಟೆ. ಮೇಲಿನಿಂದ ನೋಡಿದರೆ ಮನೋಹರವಾದ ಬಣ್ಣದ ಪಟ್ಟಿ. ರೆಕ್ಕೆ ಮಡಿಚಿದೊಡನೆ ನಡುನರ, ತೊಟ್ಟು, ಬೂಷ್ಟಿನ ಕಲೆ ಸಹಿತವಾದ ಒಣ ಎಲೆ. ರೆಕ್ಕೆ ಹರಡಿ ಚುಚ್ಚಿದ ಮಾದರಿ ಈ ಚಿಟ್ಟೆಯ ವಿಷಯದಲ್ಲಿ ಹೇಳಬೇಕಾದ್ದನ್ನೆಲ್ಲ ಬಚ್ಚಿಡುತ್ತದೆ. ವ್ಯಾಲೇಸನು ಸುಮಾತ್ರದಲ್ಲಿ ಅದನ್ನು ಅಟ್ಟಿಸಿಕೊಂಡು ಹೋಗಿ, ಕುಳಿತ ಕ್ಷಣದಲ್ಲಿಯೇ ಕಾಣದಾಗುವುದನ್ನು ಕಂಡು ಬೆರಗಾದವನು. 1869ರ ‘ಮಲಯ ದ್ವೀಪಸಮೂಹ’ ಗ್ರಂಥದಲ್ಲಿ ಆತ ಕೊಟ್ಟ ಚಿತ್ರದಲ್ಲಿ ಹಾರುವ ಚಿಟ್ಟೆಯೂ ಕೊಂಬೆಯ ಮೇಲೆ ಎಲೆಗಳ ನಡುವೆ ಎಲೆಯಾಗಿ ಕುಳಿತ ಚಿಟ್ಟೆಯೂ ಒಟ್ಟಿಗೆ ಇವೆ. ಬಣ್ಣವೇ ಇಲ್ಲದ ಆ ಮರದಚ್ಚಿನ ಚಿತ್ರ ಎಷ್ಟೋ ವರ್ಣಪಟಗಳಿಗಿಂತ ಹೆಚ್ಚನ್ನು ಹೇಳುತ್ತದೆ.

ಕ್ಯಾಲಿಮದ ನೀಲಿ ಜಾತಿಯೊಂದು ಸಹ್ಯಾದ್ರಿಯದೇ. ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಸಂಗ್ರಹಾಲಯದ ಪಾಲಕ ಥಾಮಸ್ ಹಾರ್ಸ್‌ಫೀಲ್ಡನ ಹೆಸರನ್ನು ಅದಕ್ಕೆ ಇಡಲಾಗಿದೆ! ಅದರ ಹುಳು ಬೆಳೆಯುವುದು ಕಾರ್ವಿ, ಕುರಿಂಜಿಗಳ ಬಳಗದ ಪೊದೆಗಳಲ್ಲಿ. ಕಂಪೆನಿಯ ಸಂಗ್ರಹಾಲಯದಲ್ಲಿ ದುಡಿದ ಫ್ರೆಡರಿಕ್ ಮೂರ್ 1890ರಲ್ಲಿ ಆರಂಭಿಸಿದ, ಆತನ ಮರಣಾನಂತರ 1913ರಲ್ಲಿ ಮುಗಿದ ‘ಲೆಪಿಡಾಪ್ಟೆರಾ ಇಂಡಿಕಾ’ದ ಹತ್ತು ಸಂಪುಟಗಳಲ್ಲಿ ಕುಂಚಪಾದಗಳಿಗೆ ಸಿಂಹಪಾಲು ದೊರೆತಿದೆ. ಋತುರೂಪಗಳೂ ಅಡಿಭಾಗಗಳೂ, ಸಿಕ್ಕಿದಲ್ಲಿ ಹುಳು-ಕೋಶಗಳೂ ಅದರಲ್ಲಿವೆ. ಶ್ರಮ ಅಸಾಧಾರಣ. ಆದರೆ ಪುಟ ಪುಟಕ್ಕೂ ಮತ್ತೆ ಅದೇ ಪೆಟ್ಟಿಗೆ.

ಪೆಟ್ಟಿಗೆಯಿಂದ ನಿಜವಾಗಿ ಹೊರಬಂದ ಕೃತಿ ಇದಕ್ಕಿಂತ ಎಷ್ಟೋ ಬಡವಾದದ್ದು. 1896ರಿಂದ 1898ರವರೆಗೆ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಕಂತುಗಳಲ್ಲಿ ಬಂದ ಆ ದೀರ್ಘ ಲೇಖನವನ್ನು ಬರೆದವರು ಡೇವಿಡ್ಸನ್, ಬೆಲ್, ಏಟ್ಕನ್ ಎಂಬ ಮೂವರು ಬ್ರಿಟಿಷ್ ಅಧಿಕಾರಿಗಳು: ಒಬ್ಬ ಕಲೆಕ್ಟರ್, ಒಬ್ಬ ಅರಣ್ಯ ಇಲಾಖೆಯವನು, ಒಬ್ಬ ಉಪ್ಪು-ಸುಂಕದವನು. ಆಗ ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹುಳುಗಳನ್ನು ಕಾಡಿನಿಂದ ತಂದು ಸಾಕಿ, ಯಾವ ಎಲೆ ತಿನ್ನುತ್ತದೆ, ಎಲ್ಲಿ ಕೂರುತ್ತದೆ, ಕೋಶ ಹೇಗೆ ತೂಗುತ್ತದೆ ಎಂಬುದನ್ನು ಅವರು ಬರೆದಿಟ್ಟರು. ಪಟಗಳು ಸಾಧಾರಣ, ಅವುಗಳನ್ನು ಗದ್ಯ ಮೀರಿಸಿದೆ. ಚಿತ್ರ ಮಾಡಲಾಗದ್ದನ್ನು ಮಾತು ಮಾಡಿದ ಅಪರೂಪದ ಸಂದರ್ಭವಿದು. ಬೆಲ್ ಈ ಕೆಲಸವನ್ನು ಅಲ್ಲಿಗೆ ಬಿಡಲಿಲ್ಲ. ಅದೇ ಪತ್ರಿಕೆಯಲ್ಲಿ 1909ರಿಂದ 1927ರವರೆಗೆ ಬಯಲುಸೀಮೆಯ ಚಿಟ್ಟೆಗಳ ಲೇಖನಮಾಲೆಯನ್ನು ನಡೆಸಿ, ನಿವೃತ್ತಿಯ ಅನಂತರವೂ ಕಾರವಾರದಲ್ಲಿಯೇ ನೆಲೆಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡನು.

ಕನ್ನಡದ ಒಂದು ಜಿಲ್ಲೆಯ ಚಿಟ್ಟೆಗಳ ಜೀವನವೃತ್ತಾಂತ ಹೀಗೆ ಮುಂಬಯಿಯಲ್ಲಿ, ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಕುಂಚಪಾದಗಳಲ್ಲೊಂದು ಯೂಥಾಲಿಯ. ಪೆಟ್ಟಿಗೆಯಲ್ಲಿ ಅದು ಯಾರ ಕಣ್ಣನ್ನೂ ಸೆಳೆಯದ ಮಂಕು ಕಂದುಬಣ್ಣದ ಚಿಟ್ಟೆ. ಅದರ ಹುಳು ಮಾವಿನ ಎಲೆಯ ಮೇಲೆ, ಬೆನ್ನಿನ ಗೆರೆ ಎಲೆಯ ನಡುನರದೊಡನೆ ಒಂದಾಗುವಂತೆ ಮಲಗಿ, ಎರಡೂ ಪಕ್ಕಗಳಿಗೆ ಗರಿಯಂತಹ ಹಸಿರು ಮುಳ್ಳುಗಳನ್ನು ಹರಡಿಕೊಂಡು ಎಲೆಯಲ್ಲಿ ಕರಗಿಹೋಗುತ್ತದೆ. ಹಿತ್ತಿಲಿನ ಮಾವಿನ ಮರದಲ್ಲಿ ಅದನ್ನು ಎಷ್ಟೋ ಮಕ್ಕಳು ಕಂಡಿರಬಹುದು. ಕನ್ನಡದ ನಿಘಂಟುಗಳಲ್ಲಿ ಅದನ್ನು ಹುಡುಕಹೊರಟವರಿಗೆ ಸಿಗುವುದು ‘ಕಂಬಳಿಹುಳು’ ಎಂಬ ಒಂದೇ ಮಾತು. ಆ ಹುಳುವಿನ ಮೈಮೇಲೆ ಕಂಬಳಿಯೇ ಇಲ್ಲ.