ಗಲೀಜು ಯಾರದು?

ಕಳೆದ ಬೇಸಿಗೆ ರಜೆಯಲ್ಲಿ ಮಂಡಿಕಲ್ಲಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ತಂಗಿಯ ಮಗ ಹಗಲು ಚಿಕ್ಕಬಳ್ಳಾಪುರದ ಇಂಗ್ಲಿಷ್ ಶಾಲೆಯೊಂದರಲ್ಲಿ ಓದುತ್ತಾನೆ, ಸಂಜೆ ಮದ್ರಸಾದಲ್ಲಿ ಅರಬಿ ಕಲಿಯುತ್ತಾನೆ. ಅವನು ತನ್ನ ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳ ಒಂದು ಪಟ್ಟಿ ಮಾಡಿಕೊಂಡಿದ್ದ. ಮೊದಲನೆಯದರಲ್ಲಿ ಅವ್ಯವಸ್ಥೆಯನ್ನು ಸೂಚಿಸುವ ಇಂಗ್ಲಿಷ್ ಪದಗಳು: ಮೆಸ್, ಕ್ಲಟರ್, ಕೇಯಾಸ್, ಡಿಸ್‌ಆರ್ಡರ್. ಎರಡನೆಯದರಲ್ಲಿ ಅವುಗಳ ಅರಬಿ ಸಮಾನಾರ್ಥಕಗಳು: ಫೌದಾ, ಇಝ್ತಿರಾಬ್ ಇತ್ಯಾದಿ. ಮೂರನೆಯ ಅಂಕಣ ಖಾಲಿ. "ಮಾಮೂ, ನೀವು ಕನ್ನಡದಲ್ಲಿ ಕಥೆ ಬರೀತೀರಲ್ಲ, ಇದನ್ನ ನೀವೇ ತುಂಬಿಸಿ ಕೊಡಿ" ಎಂದ.

ನಾವು ಯೋಚಿಸದೆ ಬರೆದೆವು: ಗಲೀಜು, ಫಜೀತಿ, ಖರಾಬು, ತಕರಾರು, ಹೈರಾಣ, ಫಿತೂರಿ. ಬರೆದ ಮೇಲೆ ನೋಡಿದರೆ ಹುಡುಗ ನಗುತ್ತಿದ್ದಾನೆ. "ಇವೂ ಅರಬಿಯೇ ಅಲ್ವಾ ಮಾಮೂ?"

ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ಈ ಪ್ರಸಂಗವನ್ನು ಹೇಳಿದೆವು. ಅವರು ಸಜ್ಜನರು, ನಮ್ಮ ಕಥೆಗಳನ್ನು ಓದಿ ಮೆಚ್ಚಿದವರು. ಅವರೂ ನಕ್ಕರು: "ಅಲ್ಲಾ ಸಾಯಬ್ರೇ, ಗಲೀಜು, ಖರಾಬು ಎಲ್ಲಾ ನಿಮ್ಮ ಕಡೆಯಿಂದಲೇ ಬಂದದ್ದು ಅಂತಾಯ್ತಲ್ಲ!" ಅಲ್ಲಿದ್ದವರೂ ನಕ್ಕರು, ನಾವೂ ನಕ್ಕೆವು. ಅದರಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ. ಊರಿಗೊಂದು ಗಲೀಜು ಕೇರಿ ಇರುತ್ತದೆ, ಅಲ್ಲಿ ವಾಸಿಸುವವರು ಯಾರೆಂಬುದು ಓದುಗರಿಗೆ ಗೊತ್ತೇ ಇದೆ. ಕೇರಿಯನ್ನು ಅವರ ಪಾಲಿಗೆ ಬಿಟ್ಟದ್ದು ಸಾಲದೆಂದು ಪದವನ್ನೂ ಅವರ ತಲೆಗೇ ಕಟ್ಟುವುದೇ? ಆದ್ದರಿಂದ ಈ ಪದಗಳ ಜಾಡನ್ನು ಹಿಡಿದು ಹೋಗಿ ನೋಡುವುದು ಅಗತ್ಯವೆನಿಸಿತು.

ಮೊದಲು 'ಗಲೀಜು'. ಇದರ ಮೂಲವಾದ ಅರಬಿಯ 'ಗಲೀಝ್' ಎಂಬುದಕ್ಕೆ ದಪ್ಪ, ಗಟ್ಟಿ, ಒರಟು ಎಂದರ್ಥ. ಕೊಳಕು ಅದರ ಮೂಲಾರ್ಥವೇ ಅಲ್ಲ. ಕುರ್‌ಆನಿನ 'ಅನ್ನಿಸಾ' ಅಧ್ಯಾಯದಲ್ಲಿ ಗಂಡ ಹೆಂಡಿರ ನಡುವಣ ಕರಾರನ್ನು ಹೇಳುವಾಗ ಇದೇ ವಿಶೇಷಣ ಬಂದಿದೆ. ಅಲ್ಲಿ ಅದರ ಅರ್ಥ ಗಟ್ಟಿಯಾದ, ಮುರಿಯಲಾಗದ ಒಡಂಬಡಿಕೆ ಎಂದು. ಮದುವೆಯ ಮಾತಿಗೆ ಗಟ್ಟಿತನ ಕೊಟ್ಟ ಪದ ಹಿಂದುಸ್ತಾನಕ್ಕೆ ಬಂದು ಉರ್ದುವಿನಲ್ಲಿ ಹೊಲಸಿನ ಅರ್ಥವನ್ನು ಅಂಟಿಸಿಕೊಂಡಿತು, ಅದೇ ಅರ್ಥದಲ್ಲಿ ಕನ್ನಡಕ್ಕಿಳಿಯಿತು. ಇಂಗ್ಲಿಷಿನ 'ಕ್ಲಟರ್' ಎಂಬ ಪದದ ಕಥೆಯೂ ಇಂಥದ್ದೇ. ಅದು ಹೆಪ್ಪುಗಟ್ಟು ಎಂಬ ಅರ್ಥದ 'ಕ್ಲಾಟ್' ಎಂಬುದರಿಂದ ಹುಟ್ಟಿದ್ದು. ಗಟ್ಟಿಯಾದದ್ದು, ಮುದ್ದೆಯಾದದ್ದು ಕೊನೆಗೆ ಅಸಹ್ಯವಾಗುವುದು ಒಂದೇ ಭಾಷೆಯ ಹಣೆಬರಹವಲ್ಲ.

'ತಕರಾರು' ಇನ್ನೂ ಸ್ವಾರಸ್ಯಕರ. ಅರಬಿಯಲ್ಲಿ 'ತಕ್ರಾರ್' ಎಂದರೆ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಹೇಳುವುದು. ನಮ್ಮಲ್ಲಿ ಅದು ಆಕ್ಷೇಪಣೆಯಾಯಿತು, ಜಗಳವಾಯಿತು. ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಕೊಟ್ಟು ಅಲೆದವರು ಮಾತ್ರ ಮೂಲಾರ್ಥವೇ ಸರಿ ಎಂದಾರು! 'ಫಜೀತಿ'ಯ ಮೂಲದಲ್ಲಿರುವುದು ಮಾನಭಂಗ, ಬಯಲಾದ ಅಪಕೀರ್ತಿ. ಕನ್ನಡದ ಬಾಯಲ್ಲಿ ಅದು ಎಷ್ಟು ಹಗುರವಾಯಿತೆಂದರೆ, ಬಸ್ಸು ತಪ್ಪಿದರೂ ಫಜೀತಿ, ನೆಂಟರು ಬಂದಾಗ ಗ್ಯಾಸ್ ಮುಗಿದರೂ ಫಜೀತಿ. 'ಹೈರಾನ್' ಎಂದರೆ ಅರಬಿಯಲ್ಲಿ ದಿಕ್ಕುತೋಚದವನು. ನಮ್ಮ 'ಹೈರಾಣ' ದಣಿದು ಸುಸ್ತಾದವನು. 'ಫುತೂರ್' ಎಂದರೆ ಅರಬಿಯಲ್ಲಿ ಜಡತೆ, ಸಡಿಲು. ಅದೇ ಪದ ಈ ನೆಲದಲ್ಲಿ 'ಫಿತೂರಿ'ಯಾಗಿ ಎದ್ದು ನಿಂತಿತು. ಆಂಧ್ರದ ರಂಪಾ ಪ್ರದೇಶದ ಗುಡ್ಡಗಾಡು ಜನ 1879ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದಾಗ ಅದಕ್ಕೆ 'ರಂಪಾ ಫಿತೂರಿ' ಎಂಬ ಹೆಸರೇ ನಿಂತಿತು.

ಇನ್ನೊಂದು ಮಾತು. ಇಂದಿನ ಅರಬರು ಅವ್ಯವಸ್ಥೆಗೆ ದಿನನಿತ್ಯ ಬಳಸುವ 'ಫೌದಾ' ಕನ್ನಡಕ್ಕೆ ಬರಲೇ ಇಲ್ಲ. ನೋಟ್‌ಬುಕ್ಕಿನ 'ಇಝ್ತಿರಾಬ್' ಉರ್ದು ಗಜಲುಗಳಲ್ಲಿ ಪ್ರೇಮಿಯ ತಳಮಳವಾಗಿ ಉಳಿಯಿತೇ ಹೊರತು ನಮ್ಮ ಸಂತೆಬೀದಿಗೆ ಇಳಿಯಲಿಲ್ಲ. ಏಕೆಂದರೆ ಈ ಪದಗಳು ಅರೇಬಿಯಾದಿಂದ ನೇರವಾಗಿ ಬಂದವಲ್ಲ. ಫಾರಸಿಯ ದಫ್ತರ, ಉರ್ದು, ಮರಾಠಿ ಇವುಗಳ ಮೂಲಕ ಬಂದವು. 17ನೆಯ ಶತಮಾನದಲ್ಲಿ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರಗಳು ಬಿಜಾಪುರದ ಆಡಳಿತಕ್ಕೆ ಸೇರಿ ಶಹಾಜಿಯ ಜಹಗೀರಿನಲ್ಲಿದ್ದವು. 1687ರ ನಂತರ ಅವು ಮೊಗಲರ ಸಿರಾ ಸುಬೆಯ ಪರಗಣೆಗಳಾದವು. ಆಮೇಲೆ ಹೈದರ್ ಮತ್ತು ಟಿಪ್ಪುವಿನ ಕಾಲ ಬಂತು. ಲೆಕ್ಕ ಬರೆಯುವ ಭಾಷೆ ಹೊಲಕ್ಕೂ ಬಂತು, ಹೊಲದಿಂದ ಮನೆಗೂ ಬಂತು.

ಆ ದಾರಿಯಲ್ಲಿ ಬಂದವು ಬರಿಯ ಗಲೀಜು ಫಜೀತಿಗಳೇ? ಕಾನೂನು, ಕಾಯಿದೆ, ಹುಕುಂ, ಹಾಜರಿ, ದಾಖಲೆ, ಅಸಲು, ನಕಲು, ಜಮಾ, ಬಾಕಿ, ವಸೂಲಿ ಇವೆಲ್ಲ ಅದೇ ಬಂಡಿಯಲ್ಲಿ ಬಂದ ಅರಬಿ ಮೂಲದ ಸಾಮಾನುಗಳು. ಜಿಲ್ಲೆ ಅರಬಿ ಮೂಲದ್ದು, ತಾಲ್ಲೂಕೂ ಅರಬಿ ಮೂಲದ್ದು. ಬಂದೋಬಸ್ತು ಫಾರಸಿ. ಮಂಡಿಕಲ್ ಹೋಬಳಿಯ ರೈತ ಬಗರ್ ಹುಕುಂ ಅರ್ಜಿ ಹಿಡಿದು ನಿಲ್ಲುವಾಗ ಈ ಪದಗಳಿಲ್ಲದೆ ಒಂದು ವಾಕ್ಯವನ್ನೂ ಪೂರೈಸಲಾರ. ಅಷ್ಟೇಕೆ, ಗಲೀಜನ್ನು 'ಸಾಫ್' ಮಾಡುತ್ತೇವಲ್ಲ, ಆ ಸಾಫೂ ಅರಬಿಯದೇ. ಕೊಳೆಯ ಪದವನ್ನು ಒಬ್ಬರ ಲೆಕ್ಕಕ್ಕೆ ಬರೆಯುವವರು ಪೊರಕೆಯ ಪದವನ್ನೂ ಅದೇ ಲೆಕ್ಕಕ್ಕೆ ಬರೆಯಬೇಕಾಗುತ್ತದೆ.

ಈಗ ಸಂಸ್ಕೃತದ ಕಡೆಗೆ ನೋಡೋಣ. 'ರಾದ್ಧಾಂತ' ಎಂದರೆ ಸಂಸ್ಕೃತದಲ್ಲಿ ಸಿದ್ಧಾಂತ, ವಾದದ ಕೊನೆಯಲ್ಲಿ ಸ್ಥಾಪಿತವಾದ ನಿರ್ಣಯ. ಕನ್ನಡದಲ್ಲಿ ರಾದ್ಧಾಂತ ಎಂದರೆ ದೊಡ್ಡ ರಂಪ. 'ಅವಾಂತರ' ಎಂದರೆ ಒಳಗೆ ಸೇರಿದ್ದು, ನಡುವಿನದು. ಕನ್ನಡದಲ್ಲಿ ಅದು ಎಡವಟ್ಟು, ಅನಾಹುತ. ಪಂಡಿತರ ಸಿದ್ಧಾಂತವನ್ನೇ ರಂಪ ಮಾಡಿದ ಜನ ಅರಬರ ಪುನರಾವರ್ತನೆಯನ್ನು ಜಗಳ ಎಂದುಕೊಂಡದ್ದರಲ್ಲಿ ಆಶ್ಚರ್ಯವೇನು? ಇತ್ತ ಇಂಗ್ಲಿಷಿನ 'ಮೆಸ್' ಮೊದಲು ಬಡಿಸಿದ ಊಟವಾಗಿತ್ತು, ಕಲಸುಮೇಲೋಗರವಾದದ್ದು ಆಮೇಲೆ. ಕನ್ನಡಿಗರು ಆ ಪದದ ಊಟವನ್ನಷ್ಟೇ ಇಟ್ಟುಕೊಂಡು ಮುದ್ದೆ ಊಟದ ಹೋಟೆಲಿಗೆ ಮೆಸ್ ಎಂದು ಬೋರ್ಡು ಹಾಕಿದರು. ಉತ್ತರ ಕರ್ನಾಟಕದಲ್ಲಿ 'ಗೊಂದಲ' ಎಂದರೆ ಅಂಬಾ ಭವಾನಿಯ ಹೆಸರಿನಲ್ಲಿ ರಾತ್ರಿಯಿಡೀ ನಡೆಯುವ ಆರಾಧನೆಯೂ ಹೌದು. ಇನ್ನು ಗಡಿಬಿಡಿ, ಗಜಿಬಿಜಿ, ಚೆಲ್ಲಾಪಿಲ್ಲಿ, ಅಡ್ಡಾದಿಡ್ಡಿ ಇವನ್ನು ಯಾರೂ ಹೊರಗಿನಿಂದ ತಂದುಕೊಡಲಿಲ್ಲ, ಇವು ಇಲ್ಲೇ ಹುಟ್ಟಿ ಬೆಳೆದವು. ಪದಗಳು ಶುಚಿಯಾಗಿ ಬಂದದ್ದುಂಟು, ಕೊಳೆಯಾಗಿ ಬಂದದ್ದುಂಟು. ಆದರೆ ಅವು ಇಂದಿನ ಅರ್ಥವನ್ನು ಪಡೆದದ್ದು ಈ ಮಣ್ಣಿನಲ್ಲಿ, ಇಲ್ಲಿಯ ಎಲ್ಲರ ಬಾಯಲ್ಲಿ.

ಆದರೂ ಭಾಷೆಯನ್ನು ತೊಳೆಯುತ್ತೇವೆಂದು ಹೊರಡುವವರು ಎರಡೂ ಕಡೆ ಇದ್ದಾರೆ. ಒಂದು ಕಡೆಯವರು ಅರಬಿ ಫಾರಸಿ ಪದಗಳನ್ನೆಲ್ಲ ಕಿತ್ತು 'ಶುದ್ಧ ಕನ್ನಡ' ಮಾಡಬೇಕೆನ್ನುತ್ತಾರೆ. ಅವರು 13ನೆಯ ಶತಮಾನದ ಆಂಡಯ್ಯನನ್ನು ನೆನೆಯಲಿ. 'ಕಬ್ಬಿಗರ ಕಾವ'ದಲ್ಲಿ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟ ಆ ಕವಿಯೂ ತದ್ಭವಗಳನ್ನು ಕನ್ನಡವೆಂದೇ ಒಪ್ಪಿಕೊಂಡ. ಕನ್ನಡದ ಬಾಯಲ್ಲಿ ಪಳಗಿದ್ದು ಕನ್ನಡ ಎಂಬುದು ಆತನ ಅಳತೆಗೋಲು. ಆ ಅಳತೆಯಲ್ಲಿ 'ಗಲೀಜು' ಒಂದು ತದ್ಭವ, ಕನ್ನಡದ ಸ್ವಂತ ಪದ. ಇನ್ನೊಂದು ಕಡೆ ನಮ್ಮವರೇ ಕೆಲವರು, ಊರಿನ ದಖ್ಖನಿ ಮಾತನ್ನೂ ಕನ್ನಡದ ಉಚ್ಚಾರವನ್ನೂ ಹಳಿದು, ಪ್ರತಿ ಪದವನ್ನೂ ಗಂಟಲಾಳದಿಂದ ಅರಬರಂತೆ ನುಡಿಯಬೇಕೆನ್ನುತ್ತಾರೆ. ತಮ್ಮ ಅಜ್ಜಿಯ ಮಾತೇ ಅವರ ಕಿವಿಗೆ ಗಲೀಜು. ಈ ಇಬ್ಬರ ಕಾಯಿಲೆಯೂ ಒಂದೇ ಎಂಬುದು ನಮ್ಮ ಅಭಿಪ್ರಾಯ.

ಸಾಹಿತ್ಯದಲ್ಲಿಯೂ ಇದರ ನೆರಳಿದೆ. ಕನ್ನಡದ ಎಷ್ಟೋ ನಾಟಕ, ಸಿನಿಮಾ, ನಗೆಬರಹಗಳಲ್ಲಿ ಮುಸ್ಲಿಮ್ ಪಾತ್ರ ಬಾಯಿ ತೆರೆದರೆ "ನಮ್ದುಕೆ ಗೊತ್ತಿಲ್ಲ, ನಿಮ್ದುಕೆ ಹೇಳ್ತೀನಿ" ಎಂದೇ ಮಾತಾಡಬೇಕು. ಹಾಗೆ ಮಾತಾಡುವವರು ಇಲ್ಲವೆಂದಲ್ಲ. ಆದರೆ ಎಲ್ಲರ ಬಾಯಿಗೂ ಅದನ್ನೇ ತುರುಕಿದಾಗ ಭಾಷೆಯನ್ನು ಕೆಡಿಸುವವನು ಇವನೇ ಎಂಬ ತೀರ್ಪು ನಗುವಿನೊಳಗೆ ಅಡಗಿರುತ್ತದೆ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್ ಮೊದಲಾದವರು ಈ ತೀರ್ಪನ್ನು ಒಪ್ಪದೆ, ಮನೆಮಾತಿನ ಪದಗಳನ್ನು ಕನ್ನಡದೊಳಗೆ ಸಂಕೋಚವಿಲ್ಲದೆ ಕೂರಿಸಿದರು. ಬಾನು ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಾಗ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಿ ತೋರಿಸಲಿಲ್ಲ. ಆ ಪುಸ್ತಕಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ನಮ್ಮ ತಪ್ಪನ್ನೂ ಹೇಳಿಬಿಡಬೇಕು. ನಮ್ಮ ಮೊದಲ ಕಥೆಗಳಲ್ಲಿ ಸಂಪಾದಕರು ಹೇಳುವ ಮುಂಚೆಯೇ ನಾವು 'ಗಲೀಜು' ಹೊಡೆದು 'ಮಾಲಿನ್ಯ' ಎಂದು ತಿದ್ದುತ್ತಿದ್ದೆವು. ಓದಿದವರು ಮೆಚ್ಚಿದರು, ಆದರೆ ಪಾತ್ರದ ಮಾತು ಸತ್ತಿತ್ತು.

ಈ ವಿಚಾರ ಪದಕೋಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 'ಖರಾಬು' ಎಂಬ ಒಂದು ಪದ ಸಾಕು. ಅರಬಿಯಲ್ಲಿ ಅದು ಹಾಳು, ಪಾಳು. 1863ರಿಂದ ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಮಾದರಿಯ ಸರ್ವೆ ನಡೆಯಿತು. ಸರ್ವೆ ನಂಬರಿನ ಹೊಟ್ಟೆಯೊಳಗಿನ ಸಾಗುವಳಿಯಾಗದ ನೆಲಕ್ಕೆ ಮರಾಠಿಯಲ್ಲಿ 'ಪೋಟ್ ಖರಾಬ್' ಎನ್ನುತ್ತಾರೆ. ನಮ್ಮ ಪಹಣಿಯಲ್ಲಿ ಅದು 'ಫೂಟ್ ಖರಾಬು' ಆಗಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಅದನ್ನು ಎರಡಾಗಿ ವಿಂಗಡಿಸಿವೆ. ಬೇಸಾಯಕ್ಕೆ ಬಾರದ ನೆಲ, ಹಿಡುವಳಿದಾರನ ಕಣ, ಕೊಟ್ಟಿಗೆಗಳು 'ಎ' ಖರಾಬು. ಹಾಗಾದರೆ 'ಬಿ' ಖರಾಬು ಯಾವುದು? ದಾರಿ, ಕಾಲುದಾರಿ, ಹಲವರು ಬಳಸುವ ಕೆರೆ ಹಳ್ಳಗಳು, ಹೂಳುವ ಜಾಗ, ಸುಡುವ ಜಾಗ.

ಓದುಗರು ಇದನ್ನು ಗಮನಿಸಬೇಕು. ಊರಿನಲ್ಲಿ ಎಲ್ಲರಿಗೂ ಸೇರಿದ್ದು ಯಾವುದೋ ಅದಕ್ಕೆ ದಾಖಲೆಯಲ್ಲಿ 'ಹಾಳು' ಎಂದು ಹೆಸರು. ಖಬರಸ್ತಾನವೂ ಖರಾಬು, ಸ್ಮಶಾನವೂ ಖರಾಬು, ಆ ಮಟ್ಟಿಗೆ ಸರ್ಕಾರ ಭೇದ ಮಾಡಿಲ್ಲ! ಕಂದಾಯ ಬಾರದ್ದು ಎಂಬಷ್ಟೇ ಆ ಪದದ ಇಂಗಿತ. ಆದರೆ ಹೆಸರು ತನ್ನ ಕೆಲಸ ಮಾಡುತ್ತದೆ. ಖರಾಬು ತಾನೇ ಎಂದು ಒಬ್ಬ ಹಳ್ಳದ ಮೇಲೆ ಬೇಲಿ ಸರಿಸುತ್ತಾನೆ, ಇನ್ನೊಬ್ಬ ಕಾಲುದಾರಿ ಉಳುತ್ತಾನೆ, ಮತ್ತೊಬ್ಬ ಕೋಳಿ ಅಂಗಡಿಯ ಕಸ ತಂದು ಸುರಿಯುತ್ತಾನೆ. ತುಂಬಿ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ ಕೆರೆಯೇ ಜೀವ. ಆ ಕೆರೆಗಳನ್ನು ತುಂಬಿಸಲು ಇಂದು ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿಗೆ ಹರಿಸಲಾಗುತ್ತಿದೆ. ಈಗ ಹೇಳಿ, ಆ ಗಲೀಜು ಯಾರದು? ಯಾವ ಭಾಷೆಯದು?

ಊರಿಗೆ ಹೊರಡುವ ದಿನ ಹುಡುಗ ನೋಟ್‌ಬುಕ್ಕು ತಂದ. ಮೂರನೆಯ ಅಂಕಣವನ್ನು ಅಳಿಸಿ ಬೇರೆ ಪದ ಬರೆಯಬೇಕೇ ಎಂದು ಕೇಳಿದ. ಬೇಡ ಎಂದೆವು. ಗಲೀಜು, ಫಜೀತಿ, ಖರಾಬು ಹಾಗೇ ಇರಲಿ, ಅವು ಕನ್ನಡದ ಅಂಕಣದಲ್ಲೇ ಇರಬೇಕಾದವು ಎಂದು ಹೇಳಿ, ಕೆಳಗೆ ರಾದ್ಧಾಂತ, ಅವಾಂತರ, ಚೆಲ್ಲಾಪಿಲ್ಲಿಗಳನ್ನೂ ಸೇರಿಸಿದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಮೇಷ್ಟ್ರು ಸಿಕ್ಕರು. ರಾದ್ಧಾಂತದ ಮೂಲಾರ್ಥ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾವೂ ಕಡಿಮೆ ಇಲ್ಲ ಅನ್ನಿ ಸಾಯಬ್ರೇ" ಎಂದು ನಕ್ಕರು. ಈ ಸಲ ನಾವೂ ಮನಸಾರೆ ನಕ್ಕೆವು.